ಟೊರೊಂಟೊಗೆ ಹೊರಟ ನಮ್ಮ ಕಡೆಯವರಿಗೆ: ಮನೆಯ ಪಟ್ಟಿಯಲ್ಲಿ ಹೆಸರು ಉಳಿಸಿಕೊಳ್ಳಿ

ಕಾರವಾರ ಕಡೆಯ ತೋಡೂರಿನ ತವರುಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಹೊರಗೆ ಮಳೆ ಜಡಿದು ಹೊಡೆಯುತ್ತಿದೆ. ಪಕ್ಕದ ಮನೆಯ ಹುಡುಗಿ, ಅವಳ ಗಂಡ ಶಿರಸಿ ಕಡೆಯವ, ಇಬ್ಬರೂ ಕೆನಡಾದ ಪಿಆರ್ (ಕಾಯಂ ವಾಸದ ಅನುಮತಿ) ಸಿಕ್ಕಿ ಮುಂದಿನ ತಿಂಗಳು ಟೊರೊಂಟೊಗೆ ಹೊರಟಿದ್ದಾರೆ. ನಿನ್ನೆ ಸಂಜೆ ಬಂದು ಕೇಳಿದಳು: "ಅಕ್ಕಾ, ಅಲ್ಲಿ ಕಡಿಮೆ ಬಾಡಿಗೆ ಮನೆಗೆ ಪಾಳಿ ಇರ್ತದಂತಲ್ಲ, ನಮ್ಮ ನಂಬರು ಎಷ್ಟನೇದು ಅಂತ ಹೆಂಗೆ ನೋಡೂದು?" 2006ರಲ್ಲಿ ನಾನು ವಿಮಾನ ಹತ್ತುವಾಗ ಇದನ್ನು ಯಾರ ಹತ್ತಿರವೂ ಕೇಳಿರಲಿಲ್ಲ. ಅವಳಿಗೆ ಹೇಳಿದ್ದನ್ನೇ ನಮ್ಮ ಜಿಲ್ಲೆಯಿಂದ ಹೊರಡುವ ಉಳಿದವರಿಗೂ ಬರೆದಿಡುತ್ತೇನೆ.

ಕಡಿಮೆ ಆದಾಯದವರಿಗೆ ಮನೆ ಕೊಡಲು ಟೊರೊಂಟೊ ನಗರದವರು ಇಟ್ಟ ಪಟ್ಟಿ ಅದು. ರೇಶನ್ ಅಂಗಡಿಯ ಪಾಳಿಯಂತೆ ಅಲ್ಲಿ ನಿಮ್ಮ ಮುಂದೆ ಎಷ್ಟು ಜನ ಅಂತ ತಲೆ ಎಣಿಸಲು ಬರುವುದಿಲ್ಲ. ಅರ್ಜಿ ಹಾಕಿದ ದಿನಾಂಕವೇ ನಿಮ್ಮ ಜಾಗ. ಎಷ್ಟು ಕೋಣೆಯ ಮನೆ ಬೇಕು ಅನ್ನುವುದರ ಮೇಲೆ ಕಾಯುವ ಕಾಲ ಹೆಚ್ಚು ಕಡಿಮೆ ಆಗುತ್ತದೆ. ಮನೆಯೊಳಗಿನ ಹೊಡೆತ ಬಡಿತ ತಪ್ಪಿಸಿಕೊಂಡು ಬಂದವರಿಗೆ ವಿಶೇಷ ಆದ್ಯತೆ ಇದೆ, ಇರಲೇಬೇಕು. ಉಳಿದವರು ವರ್ಷಗಟ್ಟಲೆ ಕಾಯಬೇಕು. ಒಂದು ಬೆಡ್‌ರೂಮಿನ ಮನೆಗೆ ಹತ್ತು ವರ್ಷ ದಾಟುವುದು ಅಲ್ಲಿ ಮಾಮೂಲು. ಮನೆ ಸಿಕ್ಕಿದರೆ ಬಾಡಿಗೆ ಕುಟುಂಬದ ನಿವ್ವಳ ಆದಾಯದ ಸುಮಾರು ನೂರಕ್ಕೆ 30 ಪಾಲು. ವರ್ಷಕ್ಕೆ 36,000 ಡಾಲರ್ ಇದ್ದರೆ ತಿಂಗಳಿಗೆ 900ರ ಆಸುಪಾಸು. ಟೊರೊಂಟೊದ ಸ್ಕಾರ್ಬರೋ ಭಾಗದಲ್ಲಿ ಬೇಸ್‌ಮೆಂಟಿಗೆ, ಅಂದರೆ ನೆಲದಡಿಯ ಮನೆಗೆ, ನಾವು ಸಂಬಳದ ಅರ್ಧಕ್ಕಿಂತ ಹೆಚ್ಚು ಸುರಿಯುತ್ತಿದ್ದೆವು.

ನನ್ನ ಮೊದಲ ತಪ್ಪು ಮೂರು ವರ್ಷದ ತಪ್ಪು. ಹೋದ ಹೊಸದರಲ್ಲೇ ಜೊತೆಗೆ ಕೆಲಸ ಮಾಡುವ ತಮಿಳು ಹೆಂಗಸೊಬ್ಬಳು ಅರ್ಜಿ ಹಾಕು ಅಂದಿದ್ದಳು. ನಾನು ಹಾಕಲಿಲ್ಲ. ನಮ್ಮ ಮೂಲ ಮನೆ ಇದ್ದದ್ದು ಚೆಂಡಿಯಾದಲ್ಲಿ. 1986ರಲ್ಲಿ ಕಾರವಾರದ ನೌಕಾನೆಲೆಗೆ ಅಡಿಗಲ್ಲು ಬಿತ್ತು. ಆಮೇಲಿನ ವರ್ಷಗಳಲ್ಲಿ ಅರ್ಗಾ, ಚೆಂಡಿಯಾ ಕಡೆ ಕೇರಿಗೆ ಕೇರಿಯೇ ಜಾಗ ಬಿಟ್ಟು ಎದ್ದವು. ತೋಡೂರಿನ ಈ ಕಾಲೊನಿಗೆ ಬಂದ ದಿನದಿಂದ "ನಿರಾಶ್ರಿತರು" ಅನ್ನುವ ಮಾತು ನಮಗೆ ಅಂಟಿಕೊಂಡಿತು. ಇನ್ನೊಂದು ದೇಶಕ್ಕೆ ಬಂದು ಇನ್ನೊಂದು ಪಟ್ಟಿಯಲ್ಲಿ ಹೆಸರು ಬರೆಸಿ ಮನೆ ಕೇಳುವುದಾ ಅಂತ ಮನಸ್ಸು ಒಪ್ಪಲಿಲ್ಲ. ಆಯಿಗೆ ಫೋನಿನಲ್ಲಿ ಸಹ ಹೇಳುವ ಧೈರ್ಯ ಇರಲಿಲ್ಲ. 2009ರಲ್ಲಿ, ಮಗಳಿಗೆ ವರ್ಷ ತುಂಬಿದ ಮೇಲೆ, ಬೇಸ್‌ಮೆಂಟಿನ ಗೋಡೆಯ ಬೂಷ್ಟು ಅವಳ ತೊಟ್ಟಿಲಿನ ಹತ್ತಿರಕ್ಕೆ ಇಳಿಯುವುದನ್ನು ನೋಡಿ ಅರ್ಜಿ ಹಾಕಿದೆ. ಆ ಮೂರು ವರ್ಷವನ್ನು ಯಾರೂ ವಾಪಸ್ ಕೊಡುವುದಿಲ್ಲ. ದಯವಿಟ್ಟು ನಾಚಿಕೆಪಡಬೇಡಿ. ಅದು ಭಿಕ್ಷೆ ಅಲ್ಲ, ಅಲ್ಲಿ ದುಡಿದು ತೆರಿಗೆ ಕಟ್ಟುವವರಿಗೂ ಇರುವ ವ್ಯವಸ್ಥೆ.

ಕಾಗದಪತ್ರದ ಮಾತು ಚುಟುಕಾಗಿ: ಮನೆಯ ಪ್ರತಿಯೊಬ್ಬರೂ ಪೌರರು, ಪಿಆರ್ ಇದ್ದವರು, ಪಿಆರ್‌ಗೆ ಅರ್ಜಿ ಹಾಕಿದವರು ಅಥವಾ ಆಶ್ರಯ ಕೋರಿದವರು ಆಗಿರಬೇಕು, ಬರೀ ಸ್ಟಡಿ ಪರ್ಮಿಟ್, ವರ್ಕ್ ಪರ್ಮಿಟ್ ಸಾಲದು. ಪ್ರತಿ ವರ್ಷ ಏಪ್ರಿಲ್ 30ರೊಳಗೆ ತೆರಿಗೆ ವಿವರ ಸಲ್ಲಿಸಿ. ಅರ್ಜಿಗೆ ದುಡ್ಡಿಲ್ಲ, ಮುಂದೆ ತಳ್ಳಿಸಿ ಕೊಡುತ್ತೇನೆ ಅಂತ ದುಡ್ಡು ಕೇಳುವವನು ಮೋಸಗಾರ. ಪಕ್ಕದ ಮಿಸ್ಸಿಸಾಗಾ, ಬ್ರಾಂಪ್ಟನ್ ಊರುಗಳ ಕಡೆ ಇರುವವರಿಗೆ ಪೀಲ್ ಅನ್ನುವ ಆಡಳಿತ ವಿಭಾಗದ ಪಟ್ಟಿಯೇ ಬೇರೆ.

ಎರಡನೇ ತಪ್ಪು ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ. ಅರ್ಜಿ ಕೊಟ್ಟೆವು, ಮುಗಿಯಿತು, ಪಾಳಿ ಬಂದಾಗ ಕರೆಯುತ್ತಾರೆ ಅಂತ ಕೂತೆ. ಊರಲ್ಲಾದರೆ ಕಚೇರಿಯಲ್ಲಿ ಯಾರಾದರೂ ಪರಿಚಯದವರು ಇರುತ್ತಾರೆ. ಪೇಟೆಯಲ್ಲಿ ಸಿಕ್ಕಾಗ "ನಿಮ್ಮ ಫೈಲು ಮೇಲೆ ಬಂದದೆ, ಸೋಮವಾರ ಬನ್ನಿ" ಅನ್ನುತ್ತಾರೆ. ಅಲ್ಲಿ ಹಾಗೆ ಹೇಳುವವರು ಯಾರೂ ಇಲ್ಲ. ಪ್ರತಿ ವರ್ಷ ನಾವೇ ಅರ್ಜಿಯನ್ನು ನವೀಕರಿಸಬೇಕು, ಇಲ್ಲದಿದ್ದರೆ ಅದು ನಿಷ್ಕ್ರಿಯ ಆಗುತ್ತದೆ. 2011ರಲ್ಲಿ ನಾವು ಒಂದು ಬೇಸ್‌ಮೆಂಟ್ ಬಿಟ್ಟು ಇನ್ನೊಂದಕ್ಕೆ ಹೋದೆವು. ಬ್ಯಾಂಕಿಗೆ ಹೇಳಿದೆ, ಮಗಳ ಡಾಕ್ಟರಿಗೆ ಹೇಳಿದೆ, ಮನೆಯ ಪಟ್ಟಿಯವರಿಗೆ ಹೊಸ ವಿಳಾಸ ಹೇಳಲಿಲ್ಲ. ಅವರ ಪತ್ರಗಳು ಹಳೇ ವಿಳಾಸಕ್ಕೆ ಹೋದವು. 2013ರಲ್ಲಿ ಫೋನ್ ಮಾಡಿ ಕೇಳಿದಾಗ ನನ್ನ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಹೊಸ ಅರ್ಜಿ, ಹೊಸ ದಿನಾಂಕ. ಅವತ್ತು ಬಸ್ ಸ್ಟಾಪಿನ ಹಿಮದಲ್ಲಿ ನಿಂತು ಅತ್ತದ್ದು ನನ್ನ ಗಂಡನಿಗೂ ಗೊತ್ತಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅವರ ತಗಡಿನ ಟ್ರಂಕು ತೆಗೆದಾಗ ನನಗೆ ಇನ್ನೂ ಸಂಕಟವಾಯಿತು. ಪರಿಹಾರಕ್ಕಾಗಿ ಕೊಟ್ಟ ಪ್ರತಿ ಅರ್ಜಿಯ ನಕಲು, ಪ್ರತಿ ರಸೀದಿ, ವರ್ಷವಾರು ಲಾಡಿ ಕಟ್ಟಿ ಇಟ್ಟಿದ್ದರು. ಹಾಳೆಗಳ ಹಿಂದೆ ಪೆನ್ಸಿಲ್ಲಿನಲ್ಲಿ ಸಣ್ಣ ಅಕ್ಷರ: "ಇಂದು ಹೋಗಿದ್ದೆ. ಸಾಹೇಬರಿಲ್ಲ." "ಇಂದು ಹೋಗಿದ್ದೆ. ಗುರುವಾರ ಅಂದರು." ಮೂರನೇ ಕ್ಲಾಸಿನವರೆಗೆ ಓದಿದ ಮನುಷ್ಯ ತನ್ನ ಹೆಸರು ಎಲ್ಲಿ ನಿಂತಿದೆ ಅಂತ ಹೀಗೆ ಬೆನ್ನು ಬಿಡದೆ ನೋಡಿಕೊಂಡ. ಅವನ ಮಗಳಾಗಿ ನನಗೆ ವರ್ಷಕ್ಕೊಂದು ಫೋನ್ ಮಾಡಲು ಆಗಲಿಲ್ಲ.

ಈಗ ಕೆಲಸ ಸುಲಭ ಆಗಿದೆ. ಟೊರೊಂಟೊ ನಗರದ "ಮೈ ಆಕ್ಸೆಸ್ ಟು ಹೌಸಿಂಗ್ ಟಿಒ" ಅನ್ನುವ ಪೋರ್ಟಲ್‌ನಲ್ಲಿ ಖಾತೆ ತೆರೆದರೆ ಮೊಬೈಲಿನಲ್ಲೇ ನೋಡಿಕೊಳ್ಳಬಹುದು. ಅರ್ಜಿ ಚಾಲ್ತಿಯಲ್ಲಿ ಇದೆಯಾ ಅಂತ ಮೊದಲು ನೋಡಿ. ದಿನಾಂಕ ನೀವು ಬರೆದಿಟ್ಟುಕೊಂಡದ್ದೇ ಇದೆಯಾ ನೋಡಿ. ವಿಳಾಸ, ಫೋನು, ಇಮೇಲು ನೋಡಿ. ಮನೆಮಂದಿ ಎಲ್ಲರ ಹೆಸರು ಇದೆಯಾ ನೋಡಿ, ಮಗು ಹುಟ್ಟಿದರೆ ಕೂಡಲೇ ಸೇರಿಸಿ, ಕೋಣೆಗಳ ಲೆಕ್ಕ ಅದರ ಮೇಲೆ ನಿಂತಿದೆ. ಖಾಲಿಯಾದ ಮನೆಗಳನ್ನು ಪೋರ್ಟಲ್‌ನಲ್ಲೇ ಹಾಕುತ್ತಾರೆ, ಬೇಕು ಅಂತ ನಾವೇ ತಿಳಿಸಬೇಕು. ನಾನು ಚೌತಿ, ಸಂಕ್ರಾಂತಿ, ಯುಗಾದಿ, ಹೀಗೆ ಹಬ್ಬಕ್ಕೊಮ್ಮೆ ತೆಗೆದು ನೋಡುವ ರೂಢಿ ಮಾಡಿಕೊಂಡೆ. ದೇವರಿಗೆ ದೀಪ ಹಚ್ಚಿ, ಪಾಯಸ ಒಲೆ ಮೇಲೆ ಇರುವಾಗಲೇ ಲಾಗಿನ್ ಆಗುತ್ತಿದ್ದೆ. ಇಂಗ್ಲಿಷ್ ಕಷ್ಟ ಅನಿಸಿದರೆ ನಗರದ ಸಹಾಯವಾಣಿ 311ಕ್ಕೆ ಫೋನ್ ಮಾಡಿ ದುಭಾಷಿ ಬೇಕು ಅಂತ ಕೇಳಿ.

ಇನ್ನೊಂದನ್ನು ಗಟ್ಟಿಯಾಗಿ ಹೇಳಬೇಕು. ಮೊದಲು ಮೂರು ಸಲ ಮನೆ ಕೊಡಲು ಬರುತ್ತಿದ್ದರು, ಮೂರನೆಯದೂ ಬೇಡ ಅಂದರೆ ಹೆಸರು ಹೋಗುತ್ತಿತ್ತು. 2021ರಿಂದ ಒಂಟಾರಿಯೋದಲ್ಲಿ, ಅಂದರೆ ಟೊರೊಂಟೊ ಇರುವ ಪ್ರಾಂತ್ಯದಲ್ಲಿ, ಕೊಡುವುದು ಒಂದೇ ಸಲ. ಕೊಟ್ಟ ಮನೆ ಬೇಡ ಅಂದರೆ, ತೀರಾ ಬಲವಾದ ಕಾರಣ ಇಲ್ಲದಿದ್ದರೆ, ಪಟ್ಟಿಯಿಂದ ಹೆಸರು ತೆಗೆಯುತ್ತಾರೆ. ಆದ್ದರಿಂದ ವಾಸ್ತು, ಬಾಗಿಲ ದಿಕ್ಕು, ನೆಂಟರ ಮನೆ ದೂರ, ಈ ವಿಚಾರವನ್ನೆಲ್ಲ ಕಟ್ಟಡ ಆರಿಸುವ ಮೊದಲೇ ಮುಗಿಸಿಕೊಳ್ಳಿ. ಆ ಕಟ್ಟಡದ ಹತ್ತಿರ ಹೋಗಿ, ಬಸ್ಸು ಎಷ್ಟೊತ್ತಿಗೆ ಬರುತ್ತದೆ, ಶಾಲೆ ಎಷ್ಟು ದೂರ ಅಂತ ನಡೆದು ನೋಡಿ ಬನ್ನಿ.

ನಮಗೆ ಮನೆ ಸಿಕ್ಕಿದ್ದು 2023ರಲ್ಲಿ. ಹನ್ನೊಂದನೇ ಮಹಡಿ, ಎರಡು ಬೆಡ್‌ರೂಮು. ಅಷ್ಟು ಹೊತ್ತಿಗೆ ಮಗಳಿಗೆ ಹದಿನೈದು. ಚಿಕ್ಕವಳಿದ್ದಾಗ ಅವಳು ಬಿಡಿಸುತ್ತಿದ್ದ ಮನೆಯ ಚಿತ್ರದಲ್ಲಿ ಕಿಟಕಿ ಯಾವಾಗಲೂ ಮಾಡಿಗೆ ತಾಗಿಕೊಂಡೇ ಇರುತ್ತಿತ್ತು, ಕಿಟಕಿಯಲ್ಲಿ ಬೂಟುಗಳು. ಬೇಸ್‌ಮೆಂಟಿನಿಂದ ಅವಳಿಗೆ ಕಾಣುತ್ತಿದ್ದದ್ದು ಅಷ್ಟೇ. ಆ ಚಿತ್ರಗಳು ನನ್ನ ಹತ್ತಿರ ಇವೆ, ತೆಗೆದು ನೋಡಲು ಆಗುವುದಿಲ್ಲ. 2006ರಿಂದ 2013ರ ತನಕ ಕಳೆದುಕೊಂಡ ಏಳು ವರ್ಷ ಅಂದರೆ ನನ್ನ ಮಟ್ಟಿಗೆ ಆ ಕಿಟಕಿ.

ಹೋದ ವಾರ ಅವಳನ್ನು ಹೆದ್ದಾರಿಯ ಪಕ್ಕ ಕರೆದುಕೊಂಡು ಹೋಗಿ, ನೌಕಾನೆಲೆಯ ಕಂಪೌಂಡ್ ಗೋಡೆಯ ಆಚೆ ಕಾಣುವ ತೆಂಗಿನ ತಲೆಗಳನ್ನು ತೋರಿಸಿದೆ. "ಅಮ್ಮಾ, ಅಜ್ಜ ಎಷ್ಟು ವರ್ಷ ಕಾದರು?" ಅಂತ ಕೇಳಿದಳು. ಕಡೇತನಕ ಅಂದೆ. ಅವಳು ಮೊಬೈಲು ತೆಗೆದು ಗೋಡೆಯ ಫೋಟೋ ತೆಗೆದುಕೊಂಡಳು, ಮಾತಾಡಲಿಲ್ಲ.

ಊರಿಂದ ಹೊರಡುವ ಮೊದಲು ಜನನ ಪ್ರಮಾಣಪತ್ರ, ಮದುವೆ ಪ್ರಮಾಣಪತ್ರ, ಪಾಸ್‌ಪೋರ್ಟು, ಎಲ್ಲದರಲ್ಲೂ ಹೆಸರಿನ ಸ್ಪೆಲ್ಲಿಂಗ್ ಒಂದೇ ಇದೆಯಾ ನೋಡಿಕೊಳ್ಳಿ. ಪಕ್ಕದ ಮನೆಯ ಹುಡುಗಿಯದು ಒಂದರಲ್ಲಿ ನಾಯ್ಕ ಅಂತ, ಇನ್ನೊಂದರಲ್ಲಿ ನಾಯಕ ಅಂತ ಇದೆ. ಅದನ್ನು ಸರಿ ಮಾಡಿಸಲು ನಾಳೆ ಒಂಬತ್ತರ ಬಸ್ಸಿಗೆ ಅವಳನ್ನು ಕಾರವಾರಕ್ಕೆ ಕರೆದುಕೊಂಡು ಹೋಗುತ್ತೇನೆ.