ತೋಟದ ಕೆರೆಗೆ ಸಾಲ್ವೀನಿಯಾ ಬಂದರೆ

ಕೆರೆ ಮೇಲೆ ಹಸಿರು ಹರಡಿದ್ದು ಕಂಡರೆ ಅಂತರಗಂಗೆ ಅಂದುಬಿಡುವುದು ರೂಢಿ. ಮೊದಲು ಒಂದು ಗಿಡ ಎತ್ತಿ ನೋಡಿ. ಸಾಲ್ವೀನಿಯಾ ಎಂಬ ತೇಲುಕಳೆಯ ಎಲೆಗಳು ಜೋಡಿಯಾಗಿ ತೇಲುತ್ತವೆ. ಕೆಳಗೆ ಇಳಿಬಿದ್ದ ಕಂದು ಎಳೆಗಳು ಬೇರಲ್ಲ, ಸೀಳಿಹೋದ ಮೂರನೆಯ ಎಲೆ. ಎಲೆ ಮೇಲಿನ ರೋಮ ನಾಲ್ಕು ಕವಲಾಗಿ ತುದಿಯಲ್ಲಿ ಮತ್ತೆ ಕೂಡಿರುತ್ತದೆ, ಭೂತಗನ್ನಡಿ ಹಿಡಿದರೆ ಸ್ಪಷ್ಟ. ನೀರು ಚಿಮುಕಿಸಿದರೆ ಹನಿ ಅಂಟದೆ ಉರುಳುತ್ತದೆ.

ಹಾಸನದ ಕಡೆ ಹಸುವಿನ ಮೇವಿಗೆಂದು ಅಜೋಲ್ಲಾ ಎಂಬ ತೇಲುಜರಿ ಬೆಳೆಸುವವರು ಇದನ್ನೇ ಅದೆಂದು ಮೋಸಹೋಗುವುದುಂಟು. ಅಜೋಲ್ಲಾದ ಇಡೀ ಗಿಡವೇ ಹೆಬ್ಬೆರಳ ಉಗುರಿನಷ್ಟು, ಎಲೆ ಹುರುಪೆಯಂತೆ ಸಣ್ಣವು, ಬಿಸಿಲಿಗೆ ಕೆಂಪಾಗುವುದೂ ಇದೆ. ಸಾಲ್ವೀನಿಯಾದ ಒಂದು ಎಲೆಯೇ ಅದಕ್ಕಿಂತ ದೊಡ್ಡದಿರಬಹುದು.

ಬ್ರೆಜಿಲ್ ಮೂಲದ ಈ ಜರಿಗಿಡಕ್ಕೆ ಬೀಜವಿಲ್ಲ, ಬೀಜಾಣುಗಳು ಬಂಜೆ. ತುಂಡಿನಿಂದ ಮಾತ್ರ ಹಬ್ಬುತ್ತದೆ. ನೀಲಿ ಹೂವಿನ ಜಲಕಳೆಯ (ವಾಟರ್ ಹಯಸಿಂತ್) ಬೀಜ ಕೆಸರಲ್ಲಿ ವರ್ಷಗಟ್ಟಲೆ ಕಾದಿರುತ್ತದೆ. ಇದಕ್ಕೆ ಆ ದಾರಿಯಿಲ್ಲ. ಆದ್ದರಿಂದ ಚಿಕ್ಕ ಕೆರೆಯಿಂದ ಇದನ್ನು ಪೂರ್ತಿ ತೆಗೆಯಬಹುದು. ಮುಕ್ಕಾಲು ತೆಗೆದು ಬಿಟ್ಟರೆ ಮಾತ್ರ ಕೂಲಿ ದಂಡ: ಬೆಚ್ಚನೆಯ, ಗೊಬ್ಬರದಂಶವಿರುವ ನೀರಲ್ಲಿ ವಾರದೊಳಗೆ ಇಮ್ಮಡಿಯಾಗಬಲ್ಲದು.

ಎಲೆ ಚಪ್ಪಟೆಯಾಗಿ, ಬಿಡಿಬಿಡಿಯಾಗಿ ತೇಲುತ್ತಿದ್ದರೆ ಇನ್ನೂ ಶುರು. ಮಡಚಿ ನಿಂತು ಒತ್ತೊತ್ತಾಗಿದ್ದರೆ ತಡವಾಗಿದೆ, ಆಳು ಹೆಚ್ಚು ಬೇಕು.

ಕಾಫಿ ಹೂವಿಗೆ ನೀರು ಹೊಡೆದು ಮುಗಿದ ಮೇಲೆ, ಮಾರ್ಚ್-ಏಪ್ರಿಲ್‌ನಲ್ಲಿ, ಕೆರೆ ತಗ್ಗಿದಾಗ ಕೈಹಾಕಿ. ಎರಡು ಇಂಚಿನ ಪಿವಿಸಿ ಪೈಪುಗಳ ಎರಡೂ ತುದಿಗೆ ಕ್ಯಾಪ್ ಅಂಟಿಸಿ ಹಗ್ಗದಲ್ಲಿ ಸಾಲಾಗಿ ಕಟ್ಟಿ, ಕೆಳಗೆ ಒಂದಡಿ ಶೇಡ್‌ನೆಟ್ ಇಳಿಬಿಡಿ. ಗಾಳಿ ಬೀಸುವ ದಿಕ್ಕಿಗೇ ಕಳೆಯನ್ನು ನಿಧಾನ ಎಳೆದು ಮೂಲೆಗೆ ಕೂಡಿಹಾಕಿ, ಜಾಲರಿ ಬುಟ್ಟಿಯಲ್ಲಿ ಎತ್ತಿ. ಕತ್ತಿಯಲ್ಲಿ ಕೊಚ್ಚಬೇಡಿ, ಪ್ರತಿ ತುಂಡೂ ಹೊಸ ಗಿಡ. ದಟ್ಟ ಕಳೆಯಡಿ ಆಳ ತಿಳಿಯುವುದಿಲ್ಲ. ಇಳಿಯುವವರಿಗೆ ಲೈಫ್‌ಜಾಕೆಟ್ ಇರಲಿ, ಒಬ್ಬರು ದಡದಲ್ಲಿರಲಿ.

ತೆಗೆದದ್ದು ಬಹುಪಾಲು ನೀರೇ. ಏರಿಯ ಆಚೆಗೆ, ಮಳೆನೀರು ಮರಳಿ ಕೆರೆಗೆ ಬರದ ಕಡೆ ಹರವಿ ಒಣಗಿಸಿ, ಆಮೇಲೆ ಸಗಣಿಯೊಂದಿಗೆ ಗೊಬ್ಬರದ ಗುಂಡಿಗೆ ಹಾಕಿ. ನೆರಳಲ್ಲಿ ರಾಶಿ ಹಾಕಿದರೆ ಒಳಗಿನದು ಹಸಿರಾಗೇ ಉಳಿಯುತ್ತದೆ.

ನಂತರದ ಮೂರು ತಿಂಗಳು ವಾರಕ್ಕೊಮ್ಮೆ ಅಂಚು ಸುತ್ತಿ. ಜೊಂಡಿನ ಬುಡ, ತೂಬಿನ ಸಂದಿ, ಪಂಪಿನ ಫುಟ್‌ವಾಲ್ವ್ ಜಾಲರಿ, ಉಳಿಯುವುದು ಅಲ್ಲೇ. ಕೋಡಿಗೆ ಅಡ್ಡಲಾಗಿ ಬಲೆ ಕಟ್ಟಬೇಡಿ: ಜೋರು ಮಳೆಯಲ್ಲಿ ಕಳೆ ತುಂಬಿ ನೀರು ನಿಂತರೆ ಏರಿಗೇ ಅಪಾಯ. ಪೈಪಿನ ತೇಲುಬೇಲಿಯನ್ನು ಕೋಡಿಗಿಂತ ಸಾಕಷ್ಟು ಹಿಂದೆ, ಓರೆಯಾಗಿ ಕಟ್ಟಿ. ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ನೀರು, ಕೊಟ್ಟಿಗೆ ತೊಳೆದ ನೀರು ಕೆರೆಗೆ ಸೇರುತ್ತಿದ್ದರೆ ಅದನ್ನು ಮೊದಲು ತಿರುಗಿಸಿ.

ಕಳೆನಾಶಕ ಬೇಡ. ರೋಮದ ಮೇಲೆ ಸಿಂಪರಣೆ ಸರಿಯಾಗಿ ನಿಲ್ಲುವುದಿಲ್ಲ. ಸತ್ತರೂ ಒಟ್ಟಿಗೆ ಕೊಳೆತು ಆಮ್ಲಜನಕ ಇಳಿದು ಮೀನು ಸಾಯುತ್ತವೆ.

ಕೈಯಲ್ಲಿ ತೆಗೆಯಲಾಗದಷ್ಟು ದೊಡ್ಡ ಕೆರೆಗೆ ಸಾಲ್ವೀನಿಯಾ ತಿನ್ನುವ ಸಿರ್ಟೊಬೇಗಸ್ ಎಂಬ ಸುಮಾರು 2 ಮಿ.ಮೀ. ಉದ್ದದ ಕಪ್ಪು ಸೊಂಡಿಲ ಕೀಟವಿದೆ. 1983-84ರಲ್ಲಿ ಬೆಂಗಳೂರಿನ ಒಂದು ನೈದಿಲೆಕೊಳದಲ್ಲಿ ಬಿಟ್ಟಾಗ 11 ತಿಂಗಳಲ್ಲಿ ಸಾಲ್ವೀನಿಯಾ ಕುಸಿದಿತ್ತು. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಲ್ಲಿ ವಿಚಾರಿಸಿ. ಕೀಟವಿರುವ ಗಿಡಗಳನ್ನೇ ದಟ್ಟ ಕಳೆಯ ನಡುವೆ ಇಡಬೇಕು, ಆ ಭಾಗವನ್ನು ಕೀಳಬಾರದು. ತುದಿಮೊಗ್ಗು ಕಂದಾದರೆ ಕೆಲಸ ಶುರುವಾಗಿದೆ. ಮಲೆನಾಡಿನ ಚಳಿಯಲ್ಲಿ ಕೀಟದ ಸಂತತಿ ನಿಧಾನ, ಬೇಸಿಗೆಯ ಆರಂಭದಲ್ಲಿ ಬಿಡುವುದು ವಾಸಿ.

ಮೀನಿನ ಬಲೆ, ತೆಪ್ಪ, ಪಂಪಿನ ಹೋಸ್ ಮತ್ತೊಂದು ಕೆರೆಗೆ ಹೋಗುವ ಮೊದಲು ಬಿಸಿಲಲ್ಲಿ ಪೂರ್ತಿ ಒಣಗಲಿ.