ಸಣ್ಣ ಮಕ್ಕಳಿಗೆ ಸ್ಕೂಲ್ ಮುಗಿದ್ಮೇಲೆ ಆಟ ಶುರು ಮಾಡ್ಸೋದು ಹೇಗೆ

ಆರು ವರ್ಷದ ಆಸುಪಾಸಿನ ಮಕ್ಕಳು ಬಾಲ್ ಬಂದಾಗ ಮುಖ ತಿರುಗಿಸ್ಕೊಂಡು ಎದೆಗೆ ಒತ್ಕೊಂಡು ಹಿಡಿಯೋದು ಸಾಮಾನ್ಯ, ಬೈಬೇಡಿ, ಕಣ್ಣು ನೋಡಿದ್ದಕ್ಕೆ ಸರಿಯಾದ ಟೈಮಿಗೆ ಕೈ ಚಾಚೋದನ್ನ ಇನ್ನೂ ಕಲೀತಾ ಇರ್ತಾರೆ. ಮೊದ್ಲು ಬಲೂನ್ ಕೊಡಿ, ಅದು ನಿಧಾನಕ್ಕೆ ಇಳಿಯೋದ್ರಿಂದ ಎಲ್ಲಿ ಬೀಳುತ್ತೆ ಅಂತ ಅಂದಾಜು ಮಾಡೋಕೆ ಟೈಮ್ ಸಿಗುತ್ತೆ, ಆಮೇಲೆ ದೊಡ್ಡ ಮೆತ್ತನೆ ಬಾಲು, ಅದಾದ್ಮೇಲೆ ಚಿಕ್ಕದು, ದೂರನೂ ಸ್ವಲ್ಪ ಸ್ವಲ್ಪನೇ ಜಾಸ್ತಿ ಮಾಡಿ. ಬ್ಯಾಲೆನ್ಸಿಗೆ ನೆಲದ ಮೇಲೆ ಗೆರೆ ಎಳೆದು ನಡೆಸಿ.

ಕೋಚಿಂಗಿಗೆ ಸೇರಿಸೋದಾದ್ರೆ ಒಂದಿನ ಕೂತು ನೋಡಿ, ಲೈನಲ್ಲಿ ನಿಂತು ಕಾಯೋದೇ ಜಾಸ್ತಿ ಇದ್ರೆ ಖಂಡಿತ ಬೇಡ. ಒಂದೇ ಆಟಕ್ಕೆ ಕಟ್ಟಿಹಾಕೋದು ನಂಗಂತೂ ಸರಿ ಅನ್ಸಲ್ಲ, ಈಜು, ಓಟ, ಬಾಲ್ ಆಟ ಬದಲಾಯಿಸ್ತಾ ಇರಿ. ಎಷ್ಟು ಆಡಿದ್ರೂ ಬಾಲ್ ಕಾಣ್ತಾನೇ ಇಲ್ವೇನೋ ಅನ್ಸಿದ್ರೆ ಕಣ್ಣು ಚೆಕ್ ಮಾಡ್ಸಿ.