ಬ್ರೇಕ್ ಪರೀಕ್ಷೆಯಲ್ಲಿ ಚಿನ್ನ ಬೇಕೇ? ಮೊದಲು ಗುರುತು ಹುಡುಕಿ

ದಸರಾ ರಜೆಗೆ ಮಂಡ್ಯದ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗ ಕಂಟ್ರೋಲರ್ ಕೈಗಿಟ್ಟ. "ಮಾಮ, ಇದೊಂದು ಚಿನ್ನ ಬರ್ತಾನೇ ಇಲ್ಲ, ನೀನೇ ನೋಡು" ಅಂದ. ಆಟ ಗ್ರ್ಯಾನ್ ಟುರಿಸ್ಮೊ 7, ಪ್ಲೇಸ್ಟೇಷನ್‌ನಲ್ಲಿ ಆಡುವ ಕಾರ್ ರೇಸ್. ಅದರಲ್ಲಿ ಲೈಸೆನ್ಸ್ ಪರೀಕ್ಷೆಗಳಿವೆ, ಮುಗಿಸಿದ ಸಮಯ ನೋಡಿ ಕಂಚು, ಬೆಳ್ಳಿ, ಚಿನ್ನ ಕೊಡುತ್ತದೆ. ಮೊದಲನೆಯದು ಕೇಳೋಕೆ ಸುಲಭ: ನೇರ ರಸ್ತೆಯಲ್ಲಿ ಜೋರಾಗಿ ಹೊರಟು, ಗುರುತು ಮಾಡಿದ ಜಾಗದೊಳಗೆ ನಿಲ್ಲಿಸಬೇಕು. ದಾಟಿದರೆ ಫೇಲು. ಬೇಗ ಬ್ರೇಕ್ ಹಿಡಿದರೆ ಪಾಸಾಗಬಹುದು, ಆದರೆ ಚಿನ್ನದ ಸಮಯ ಸಿಗುವುದಿಲ್ಲ.

ಹುಡುಗನ ಬೆರಳಿನಲ್ಲಿ ತಪ್ಪಿರಲಿಲ್ಲ. ಬ್ರೇಕ್ ಎಲ್ಲಿ ಹಿಡಿಯಬೇಕು ಅನ್ನುವುದನ್ನು ಪ್ರತಿ ಸಲವೂ ಅಂದಾಜಿನಲ್ಲೇ ಮಾಡುತ್ತಿದ್ದ. 100 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ಅರ್ಧ ಸೆಕೆಂಡ್ ತಡವಾದರೆ 14 ಮೀಟರ್ ಹೋಯಿತು. ಅಂದಾಜು ಇಲ್ಲಿ ಕೆಲಸಕ್ಕೆ ಬರಲ್ಲ.

ಹಾಗಾಗಿ ಬ್ರೇಕ್ ಎಲ್ಲಿ ಹಿಡಿಯಬೇಕು ಅನ್ನೋದಕ್ಕೆ ಮೊದಲು ಅಲುಗಾಡದ ಒಂದು ಗುರುತು ಹುಡುಕಿ. ರಸ್ತೆ ಬದಿಯ ಬೋರ್ಡು, ಗೋಡೆಯ ಕೊನೆ, ಅಂಚಿನ ಬಣ್ಣ, ಏನಾದರೂ ಸರಿ. ಆಟವೇ ತೋರಿಸುವ, ಮುಂದೆ ಓಡುವ ನೆರಳಿನಂಥ ಕಾರನ್ನು ಮಾತ್ರ ನಂಬಬೇಡಿ. ನೀವು ಹೊರಡುವುದು ಸ್ವಲ್ಪ ತಡವಾದರೂ ಅದರ ಲೆಕ್ಕ ನಿಮಗೆ ಹೊಂದುವುದಿಲ್ಲ.

ಮೊದಲ ಸಲ ಬೇಕೆಂದೇ ಬೇಗ ಬ್ರೇಕ್ ಹಿಡಿಯಿರಿ. ಕಾರು ಎಲ್ಲಿ ನಿಂತಿತು, ಇನ್ನೆಷ್ಟು ಜಾಗ ಉಳಿಯಿತು ನೋಡಿ. ಒಂದು ಕಾರಿನ ಉದ್ದ ಸುಮಾರು 4 ಮೀಟರ್. ಮೂರು ಕಾರಿನಷ್ಟು ಉಳಿದಿದ್ದರೆ ಬ್ರೇಕ್ ಹಿಡಿಯುವ ಜಾಗವನ್ನು ಎರಡು ಕಾರಿನಷ್ಟು ಮುಂದಕ್ಕೆ ಸರಿಸಿ, ಮೂರು ಬೇಡ. ಆ ಹೆಚ್ಚುವರಿ ದೂರದಲ್ಲೂ ಕಾರು ವೇಗ ಏರಿಸಿಕೊಂಡೇ ಇರುತ್ತದೆ. ಅದಕ್ಕೇ ನೀವು ಸರಿಸಿದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಮುಂದೆ ಹೋಗಿ ನಿಲ್ಲುತ್ತದೆ. ವೇಗ ಎರಡು ಪಟ್ಟಾದರೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟು. ಒಣ ರಸ್ತೆ, ಒಳ್ಳೆ ಟೈರ್ ಇದ್ದರೆ 100ರಿಂದ ನಿಲ್ಲಲು 40 ಮೀಟರ್ ಹತ್ತಿರ ಬೇಕು. 200ರಿಂದಾದರೆ 160.

ಬೆರಳಿನ ಕೆಲಸವೂ ಒಂದಿದೆ. ಕಂಟ್ರೋಲರಿನಲ್ಲಿ ಆಕ್ಸಿಲರೇಟರ್ ಆರ್2 ಬಟನ್, ಬ್ರೇಕ್ ಎಲ್2 ಬಟನ್. ಬ್ರೇಕ್ ಒತ್ತುವಾಗ ಆರ್2 ಪೂರ್ತಿ ಬಿಟ್ಟಿರಬೇಕು. ಅನೇಕರು ಬಿಟ್ಟೆವು ಅಂದುಕೊಂಡಿರುತ್ತಾರೆ, ಬೆರಳು ಮಾತ್ರ ಅಲ್ಲೇ ಭಾರ ಹಾಕಿರುತ್ತದೆ. ಎಷ್ಟು ಒತ್ತಿದ್ದೀರಿ ಎಂದು ತೋರಿಸುವ ಪರದೆ ಮೇಲಿನ ಪಟ್ಟಿಗಳನ್ನು ನೋಡಿದರೆ ಗೊತ್ತಾಗುತ್ತದೆ. ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇದ್ದರೆ ನೇರ ರಸ್ತೆಯಲ್ಲಿ ಎಲ್2 ಪೂರ್ತಿ ಒತ್ತಬಹುದು. ಇಲ್ಲದಿದ್ದರೆ ಚಕ್ರ ಲಾಕ್ ಆಗಿ ಜಾರುತ್ತದೆ, ಆಗ ಲಾಕ್ ಆಗುವ ಅಂಚಿನವರೆಗೆ ಮಾತ್ರ ಒತ್ತಿ.

ತಿರುವಿನ ಪರೀಕ್ಷೆಗಳಲ್ಲಿ ಆಟ ಬೇರೆ. ಟೈರಿನ ಹಿಡಿತ ಒಂದು ಸೇರು ರಾಗಿ ಹಿಟ್ಟಿದ್ದ ಹಾಗೆ. ಅಷ್ಟನ್ನೂ ಮುದ್ದೆಗೆ ಹಾಕಿದರೆ ರೊಟ್ಟಿಗೆ ಏನು ಉಳಿಯುತ್ತದೆ? ಪೂರ್ತಿ ಬ್ರೇಕ್ ಹಿಡಿದು ಸ್ಟಿಯರಿಂಗ್ ತಿರುಗಿಸಿದರೆ ಮುಂದಿನ ಚಕ್ರಕ್ಕೆ ತಿರುಗುವ ಶಕ್ತಿಯೇ ಇರುವುದಿಲ್ಲ, ಕಾರು ನೇರವಾಗಿ ಮಣ್ಣಿಗೆ ಹೋಗುತ್ತದೆ. ಜಾಸ್ತಿ ಬ್ರೇಕನ್ನು ನೇರ ರಸ್ತೆಯಲ್ಲೇ ಮುಗಿಸಿ. ಆಮೇಲೆ ಸ್ಟಿಯರಿಂಗ್ ತಿರುಗಿದಷ್ಟೂ ಎಲ್2 ಮೆಲ್ಲಗೆ ಬಿಡುತ್ತಾ ಬನ್ನಿ. ಒಮ್ಮೆಗೇ ಬಿಟ್ಟರೆ ಮುಂದಕ್ಕೆ ಬಂದಿದ್ದ ಭಾರ ಹಿಂದಕ್ಕೆ ಸರಿದು, ಮುಂದಿನ ಟೈರ್ ಹಿಡಿತ ಕಳೆದುಕೊಳ್ಳುತ್ತದೆ. ನನಗೆ ಕೇಳಿದರೆ ಹಿಡಿಯುವುದಕ್ಕಿಂತ ಬಿಡುವುದನ್ನು ಕಲಿಯುವುದೇ ಕಷ್ಟ, ಅದಕ್ಕೇ ಹೆಚ್ಚು ಹೊತ್ತು ಕೊಡಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಬ್ರೇಕ್ ಹಿಡಿಯುವ ಜಾಗವನ್ನೂ ಸರಿಸಿ, ಒತ್ತುವ ರೀತಿಯನ್ನೂ ಬದಲಿಸಿದರೆ ಯಾವುದರಿಂದ ಲಾಭವಾಯಿತು ತಿಳಿಯಲ್ಲ. ಹತ್ತು ಹದಿನೈದು ಸಲ ಆದ ಮೇಲೆ ಬೆರಳು ಸೋಲುತ್ತದೆ. ಆಗ ಎದ್ದು ಹೋಗಿ. ನಮ್ಮ ಹುಡುಗ ರಾತ್ರಿಯೆಲ್ಲ ಬೆಳ್ಳಿಯಲ್ಲೇ ನಿಂತಿದ್ದ. ಬೆಳಿಗ್ಗೆ ಹಲ್ಲುಜ್ಜಿ ಬಂದು ಕೂತವನು, ಬೋರ್ಡಿಗಿಂತ ಒಂದು ಕಾರಿನಷ್ಟು ಮುಂದೆ ಬ್ರೇಕ್ ಹಿಡಿದು, ಮೂರನೇ ಸಲಕ್ಕೆ ಚಿನ್ನ ತಂದ.